ಗಡಿಗೆ ಬಿಟ್ಟ ಕೋಳಿ

ಎಡಗೈಯಲ್ಲಿ ಸತ್ತ ಕೋಳಿಯ ಕಾಲು ಹಿಡಿಯಬೇಕು. ಬಲಗೈಯಲ್ಲಿ ಕತ್ತರಿ. ಕಾಲಿನ ನೀಲಿ ರಿಂಗನ್ನು ಕತ್ತರಿಸಿ ಡಬ್ಬಿಗೆ ಹಾಕಬೇಕು. ಕೋಳಿಯನ್ನು ಚೀಲಕ್ಕೆ ಹಾಕಬೇಕು. ಮತ್ತೆ ಬಾಗಬೇಕು.

ನಾನು ಮಾತಿಲ್ಲದೆ ಈ ಕೆಲಸ ಮಾಡುತ್ತಿದ್ದೆ. ಶೆಡ್ಡಿನಲ್ಲಿ ನಾನೊಬ್ಬಳೇ ಇದ್ದೆ. ಬದುಕಿದ್ದ ಕೋಳಿಗಳೂ ಸದ್ದು ಮಾಡುತ್ತಿರಲಿಲ್ಲ. ಅವು ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಬಾಯಿ ತೆರೆದು ಉಸಿರು ಎಳೆಯುತ್ತಿದ್ದವು. ಹಿಕ್ಕೆ ಹಸಿರಾಗಿ ನೀರಾಗಿತ್ತು. ಕೆಲವು ಕುತ್ತಿಗೆ ತಿರುಚಿಕೊಂಡು ಮೇಲೆ ನೋಡುತ್ತಿದ್ದವು. ಮೇಲೆ ತಗಡು ಬಿಟ್ಟರೆ ಬೇರೇನೂ ಇರಲಿಲ್ಲ.

ಬಸವಪ್ರಸಾದ ಬಾಗಿಲಲ್ಲಿ ನಿಂತಿದ್ದ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಅವನು ಅಂದಾನೆಪ್ಪಗೌಡರ ಮಗ. ಶೆಡ್ಡು ಅವನದು.

"ರಿಂಗ ಎಲ್ಲಾ ತಗದೀ?"

"ಹೂಂರಿ."

"ಒಂದೂ ಬಿಡಬ್ಯಾಡ. ಯಾರದು ಏನು ಅಂತ ಗೊತ್ತಾಗಬಾರದು. ಚೀಲ ತಗೊಂಡು ನಿಮ್ಮ ಓಣಿ ಹಿಂದಿನ ತಗ್ಗಿಗೆ ಒಗಿ."

"ಮಣ್ಣ ಮುಚ್ಚಬೇಕೇನ್ರಿ?"

"ಮುಚ್ಚಾಕ ನಿನಗ ಹೊತ್ತೆಲ್ಲೈತಿ? ನಾಯಿ ಅದಾವಲ್ಲ, ಅವು ನೋಡಕೋತಾವ."

ಚೀಲ ತುಂಬಿದರೆ ಎತ್ತಲು ಬರುವುದಿಲ್ಲ. ಎಳೆಯಬೇಕು. ಚೀಲದ ಅಡಿಯಿಂದ ನೀರು ಸೋರಿ ಹಾದಿಯುದ್ದಕ್ಕೂ ಒಂದು ಗೆರೆ ಬೀಳುತ್ತದೆ. ಶೆಡ್ಡಿನಿಂದ ಊರ ಹಾದಿ, ಊರ ಹಾದಿಯಿಂದ ನಮ್ಮ ಓಣಿ, ಓಣಿಯ ಹಿಂದೆ ರಸ್ತೆಗೆಂದು ಗರಸು ತೆಗೆದ ತಗ್ಗು. ಆ ಗೆರೆಯನ್ನು ನಾನೇ ಎಳೆದೆ. ದಿನಾ ಎಳೆದೆ.

ಅಂದಾನೆಪ್ಪಗೌಡರು ದೂರದಲ್ಲಿ ಟ್ರ್ಯಾಕ್ಟರಿನ ಹತ್ತಿರ ನಿಂತು ನೋಡುತ್ತಿದ್ದರು. ಅವರು ಶೆಡ್ಡಿನೊಳಗೆ ಯಾವತ್ತೂ ಕಾಲಿಟ್ಟಿಲ್ಲ. ಅವರ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಆಡಲೇಬೇಕಾದರೆ "ಬಿಳೇದು" ಎನ್ನುತ್ತಾರೆ. ಬಿಳೇದರಿಂದ ಬಂದ ಕಾರು ಮಾತ್ರ ಅವರ ಅಂಗಳದಲ್ಲಿ ನಿಲ್ಲುತ್ತದೆ.

ಮನೆಗೆ ಬಂದರೆ ಅವ್ವ ಬೇವಿನ ಮರದ ಕೆಳಗೇ ಕೈ ಅಡ್ಡ ಮಾಡಿದಳು.

"ಅಲ್ಲೇ ನಿಲ್ಲು. ಒಳಗ ಬರಬ್ಯಾಡ."

ಆ ಮಾತನ್ನು ನಾನು ಊರಿನ ಬಾಗಿಲುಗಳಲ್ಲಿ ಬೇಕಾದಷ್ಟು ಕೇಳಿದ್ದೆ. ಅವ್ವನ ಬಾಯಿಂದ ಕೇಳಿದ್ದು ಅದೇ ಮೊದಲು. ಆದರೆ ಅವ್ವ ಅಲ್ಲೇ ಬಿಸಿನೀರು ಇಟ್ಟಿದ್ದಳು. ಹಳೆ ಸೀರೆ ಕಟ್ಟಿ ಮರೆ ಮಾಡಿದ್ದಳು. ನಾನು ಮೈ ತೊಳೆದುಕೊಂಡೆ. ಉಗುರಿನ ಸಂದಿನಲ್ಲಿ ಹೋಗದ್ದನ್ನು ಅವ್ವ ಬೇವಿನ ಕಡ್ಡಿಯಿಂದ ತೆಗೆದಳು. ಬಟ್ಟೆಯನ್ನು ಹೊರಗಿನ ಕಲ್ಲಿನ ಮೇಲೆಯೇ ಬಿಡಿಸಿದಳು.

"ಬ್ಯಾನಿ ಕಾಲಿಗೆ ಹತ್ತಿ ಬರತೈತವ್ವಾ," ಎಂದಳು. "ಒಳಗ ಬೂದಿ ಕುಂತಾಳ."

ಬೂದಿ ನಮ್ಮ ಕೋಳಿಯ ಹೆಸರು. ಬೂದಿಯ ಬಣ್ಣದ ಹೇಂಟೆ. ಒಳಗೆ ಮೂಲೆಯಲ್ಲಿ ಹೊಟ್ಟು ಹಾಸಿದ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದಳು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅವ್ವ ಹೊಟ್ಟಿನೊಳಗೆ ಒಂದು ಇದ್ದಿಲು, ಒಂದು ಹಳೆ ಕುಡಗೋಲಿನ ತುಂಡು ಇಟ್ಟಿದ್ದಳು. ಉಳಿದ ಕೋಳಿಗಳನ್ನು ಹಿತ್ತಲಿಗೂ ಬಿಡದೆ ಗೂಡಿನಲ್ಲೇ ಕೂಡಿ ಹಾಕಿದ್ದಳು. ಅವು ದಿನವೆಲ್ಲ ಬೈಯುತ್ತಿದ್ದವು.

ನಮ್ಮ ಕೋಳಿಗಳ ಕತೆ ಊರಿಗೆಲ್ಲ ಗೊತ್ತು. ಊರು ಬೇಕಾದಾಗ ಅದನ್ನು ಮರೆಯುತ್ತದೆ, ಬೇಕಾದಾಗ ನೆನೆಯುತ್ತದೆ.

ಊರಿಗೆ ಬ್ಯಾನಿ ಬಂದರೆ ದುರಗವ್ವನನ್ನು ಊರಿನ ಗಡಿಗೆ ಬಿಡುತ್ತಾರೆ. ಬ್ಯಾನಿ ಜನಕ್ಕೆ ಬಂದರೂ ಅಷ್ಟೆ, ದನಕ್ಕೆ ಬಂದರೂ ಅಷ್ಟೆ. ಬುಟ್ಟಿಯಲ್ಲಿ ಬೇವಿನ ಸೊಪ್ಪು ಹಾಸುತ್ತಾರೆ. ಅದರ ಮೇಲೆ ಜೋಳದ ಹಿಟ್ಟಿನಲ್ಲಿ ಮಾಡಿದ ದುರಗವ್ವ, ಹಸಿರು ಬಳೆ, ಅರಿಷಿಣ, ಒಂದು ಖಣ. ಪಕ್ಕದಲ್ಲಿ ಕಾಲು ಕಟ್ಟಿದ ಜೀವಂತ ಕೋಳಿ. ಆ ಕೋಳಿಯ ನಡುಬೆರಳನ್ನು ಕತ್ತರಿಸಿರುತ್ತಾರೆ. ಎಲ್ಲಿ ಕಂಡರೂ ಇದು ಗಡಿಗೆ ಬಿಟ್ಟ ಕೋಳಿ ಎಂದು ತಿಳಿಯಲಿ ಎಂದು. ಅದನ್ನು ಮುಟ್ಟಿದವರ ಮನೆಗೆ ಬ್ಯಾನಿ ಹೋಗುತ್ತದೆ.

ಬುಟ್ಟಿ ಹೊರುವವಳು ನಮ್ಮ ಮನೆಯ ಹೆಂಗಸು. ಯಾಕೆ ಎಂದು ಯಾರೂ ಹೇಳುವುದಿಲ್ಲ. ಒದ್ದೆ ಸೀರೆ, ಬರಿಗಾಲು, ತಲೆಯ ಮೇಲೆ ಸಿಂಬಿ. ಹಿಂದೆ ನಮ್ಮವರೇ ಹಲಗೆ ಬಡಿಯಬೇಕು. ಊರಿನವರು ಮುರಿದ ಕಸಬರಿಗೆ, ಹರಿದ ಮೊರ, ಒಡೆದ ಮಡಕೆಯ ಚೂರು ಹಿಂದಿನಿಂದ ಒಗೆಯುತ್ತಾರೆ. ಬ್ಯಾನಿ ಓಡಲಿ ಎಂದು ಒಗೆಯುತ್ತಾರೆ. ಓಡುವವಳು ನಮ್ಮ ಮನೆಯ ಹೆಂಗಸು.

ಸವಡಿ ಹಾದಿಯ ಗಡಿಕಲ್ಲಿನ ಹತ್ತಿರ ಬುಟ್ಟಿ ಇಳಿಸಬೇಕು. ತಿರುಗಿ ನೋಡದೆ ಬರಬೇಕು. ಹಿಂದಿನಿಂದ ಯಾರು ಕೂಗಿದರೂ ಓ ಎನ್ನಬಾರದು. ಕೂಗುವುದು ಬ್ಯಾನಿ. ಅದು ಹೆಸರು ಹಿಡಿದು ಕೂಗುತ್ತದೆ. ಹೆತ್ತ ತಾಯಿಯ ದನಿಯಲ್ಲಿ ಕೂಗುತ್ತದೆ. ಓ ಎಂದವರ ಬೆನ್ನು ಹತ್ತಿ ಊರಿಗೆ ಬರುತ್ತದೆ.

ನಮ್ಮ ಆಯಿ, ಅಂದರೆ ಅಜ್ಜಿ ಮುದುಕವ್ವ, ಹಾಗೆ ಬುಟ್ಟಿ ಇಳಿಸಿ ಬರುವಾಗ ಹಿಂದಿನಿಂದ ಕೋಳಿ ಕೂಗಿತಂತೆ. ಆಯಿ ನಿಂತಳು. ಅದು ಮೊಟ್ಟೆ ಇಟ್ಟ ಕೋಳಿಯ ಕೂಗು. ಆಯಿ ತಿರುಗಿ ನೋಡಿದಳು. ಕಾಲು ಕಟ್ಟಿದ ಬೂದು ಕೋಳಿ ದುರಗವ್ವನ ಮಗ್ಗುಲಲ್ಲೇ ಮೊಟ್ಟೆ ಇಟ್ಟು ಕೂಗುತ್ತಿತ್ತು.

"ಮೊಟ್ಟಿ ಇಟ್ಟಾಕಿ ಕರದ್ರ ಅದು ಬ್ಯಾನಿ ಹ್ಯಾಂಗಾದೀತ?" ಎಂದು ಆಯಿ ಹೇಳುತ್ತಿದ್ದಳು. "ನಾ ಓ ಅಂದ್ಯವ್ವಾ. ಓ ಅಂದು ಉಡ್ಯಾಗ ಹಾಕ್ಕೊಂಡು ಬಂದೆ."

ಊರು ನಮ್ಮ ಮನೆಯವರು ಸಾಯುವುದನ್ನು ಕಾದಿತು. ಆಯಿಗೆ ಯಾರೂ ಕೂಲಿ ಕರೆಯಲಿಲ್ಲ. ನಮ್ಮ ಕೋಳಿಯನ್ನು ಯಾರೂ ಕೊಳ್ಳಲಿಲ್ಲ. ನಾವು ಸಾಯಲಿಲ್ಲ. ಕೋಳಿ ಮರಿ ಮಾಡಿತು. ಮರಿಗಳು ಮರಿ ಮಾಡಿದವು. ಎಲ್ಲವೂ ಬೂದಿಯ ಬಣ್ಣ. ಹೊಲದ ಮಣ್ಣಿನಲ್ಲಿ ಕೂತರೆ ಹದ್ದಿಗೂ ಕಾಣುವುದಿಲ್ಲ. ಬಿಸಿಲಿಗೆ ಸೋಲುವುದಿಲ್ಲ. ಲಕ್ವ ಹೊಡೆದು ಆಯಿಯ ಕೈ ಬಿದ್ದು ಹೋದ ವರ್ಷ ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಅವುಗಳನ್ನು ನೋಡಿಕೊಂಡೆ. ನನಗೆ ಜನರ ಹತ್ತಿರ ಮಾತು ಬರುವುದಿಲ್ಲ. ಕೋಳಿಗಳ ಹತ್ತಿರ ಮಾತು ಬೇಕಾಗುವುದಿಲ್ಲ.

ಆಮೇಲೆ ಜವಾರಿ ಕೋಳಿಗೆ ಬೇಡಿಕೆ ಬಂತು. ಊರು ಕತೆ ಮರೆಯಿತು. ಬಸವಪ್ರಸಾದ ಮೊಬೈಲು ಹಿಡಿದು ನಮ್ಮ ಅಂಗಳಕ್ಕೆ ಬಂದ. ಅವ್ವನ ತೊಡೆಯ ಮೇಲೆ ಕೋಳಿ ಕೂರಿಸಿ ಫೋಟೋ ತೆಗೆದ. "ತಳಿ ಉಳಸೋಣು, ಎಲ್ಲಾರೂ ಕೂಡಿ," ಎಂದ. ನನಗೆ ಶೆಡ್ಡಿನಲ್ಲಿ ಕೆಲಸ ಎಂದ. ಒಳ್ಳೆಯ ಹೇಂಟೆಗಳನ್ನು, ಒಂದು ಹುಂಜವನ್ನು ಆರಿಸಿಕೊಂಡು ಹೋದ. ಕೆಲವು ತಿಂಗಳ ಮೇಲೆ ನರೇಗಲ್ಲಿನ ಹಾದಿಗೆ ಬೋರ್ಡು ಬಂತು. "ಗೌಡರ ಬೂದು: ಪರಂಪರೆಯ ಜವಾರಿ ತಳಿ." ಅದೇ ಫೋಟೋ. ಅವ್ವನನ್ನು ಕತ್ತರಿಸಿ ಹಾಕಿದ್ದರು. ಕೋಳಿಯ ಎದೆಯ ಕೆಳಗೆ ಅವ್ವನ ಬೆರಳುಗಳು ಮಾತ್ರ ಉಳಿದಿದ್ದವು.

ಅವ್ವ ಸಂತೆಗೆ ಹೋಗುವಾಗ ಆ ಬೋರ್ಡಿನ ಕೆಳಗೆ ನಿಂತು ತನ್ನ ಬೆರಳು ನೋಡಿಕೊಂಡಳು. "ಉಗುರರೆ ತೊಳಕೊಂಡು ಕುಂದ್ರಬೇಕಿತ್ತು ನೋಡು," ಎಂದಳು. ನಗಲಿಲ್ಲ.

ಹಿತ್ತಲಿನಲ್ಲಿ ತಿರುಗಾಡುವ ಕೋಳಿಯನ್ನು ತಗಡಿನ ಕೆಳಗೆ ಒತ್ತಿ ತುಂಬಿದರು. ಬ್ಯಾನಿ ಬಂದದ್ದು ಅಲ್ಲಿಗೆ.

ಯೂಸುಫ ಗಜೇಂದ್ರಗಡದವನು. ಗಾಡಿಯ ಹಿಂದೆ ತಂತಿಯ ಪಂಜರ ಕಟ್ಟಿಕೊಂಡು ಊರೂರು ತಿರುಗಿ ಕೋಳಿ ಕೊಳ್ಳುತ್ತಾನೆ. ಓಣಿಯ ಬಾಯಲ್ಲೇ ಅವನ ದನಿ ಕೇಳುತ್ತದೆ.

"ನೀಲಕ್ಕಾ, ಚಹಾ ಇಡು! ನಿನ್ನ ಮಗಳು ಇವತ್ತರೆ ಮಾತಾಡ್ಯಾಳೇನು? ಮಾತಾಡಿದ್ದಿನ ನಾ ಓಣಿ ತುಂಬ ಸಕ್ಕರಿ ಹಂಚತೀನಿ."

ಅವ್ವ ನಕ್ಕು ಒಲೆಯ ಹತ್ತಿರ ಹೋದಳು. ಯೂಸುಫ ಗಾಡಿಯಿಂದ ಇಳಿಯಲು ಒಂದು ಕಾಲು ಎತ್ತಿದವನು ಹಾಗೆಯೇ ನಿಂತ. ಗಾಳಿ ತಗ್ಗಿನ ಕಡೆಯಿಂದ ಬರುತ್ತಿತ್ತು. ಅವನು ಮೂಗು ಎತ್ತಿ ಆ ಕಡೆ ನೋಡಿದ. ನಾಯಿಯೊಂದು ಬೂದು ರೆಕ್ಕೆ ಕಚ್ಚಿಕೊಂಡು ಓಣಿಯಲ್ಲಿ ಹೋಗುತ್ತಿತ್ತು. ಅವನು ಕಾಲನ್ನು ಮತ್ತೆ ಗಾಡಿಯ ಮೇಲೆ ಇಟ್ಟ.

"ಚಹಾ ಬ್ಯಾಡ ನೀಲಕ್ಕಾ. ಇದು ಕೊಕ್ಕರೆ ಬ್ಯಾನಿ. ಯಾರವು?"

ಅವ್ವ ನನ್ನ ಮುಖ ನೋಡಿದಳು. ನಾನು ಶೆಡ್ಡಿನ ಕಡೆ ನೋಡಿದೆ. ಅವನಿಗೆ ತಿಳಿಯಿತು.

"ತಗ್ಗಿಗೆ ಸುಣ್ಣ ಸುರುವ್ರಿ. ಸುರುವಿ ಮಣ್ಣ ಮುಚ್ಚರಿ. ಲಗೂ ಮಾಡ್ರಿ. ಇಲ್ಲಂದ್ರ ಈ ಊರಾಗ ಒಂದ ಕೋಳಿನೂ ಉಳಿಯಂಗಿಲ್ಲ. ನಿಮ್ಮೂ ಉಳಿಯಂಗಿಲ್ಲ."

"ನೀ ಒಂದ ಮಾತ ಗೌಡ್ರಿಗೆ ಹೇಳಲಾ, ಯೂಸುಫಾ."

"ನಾ ಹೇಳಿದ್ರ ಬ್ಯಾನಿ ನಾನಾ ತಂದೆ ಅಂತಾರ, ಅಕ್ಕಾ." ಗಾಡಿ ತಿರುಗಿಸಿದ. "ಇನ್ನ ಈ ಕಡೆ ಬರೂದಿಲ್ಲ. ತಪ್ಪ ತಿಳೀಬ್ಯಾಡ್ರಿ. ನನ್ನ ಗಾಲಿಗೆ ಅಂಟಿ ಮುಂದಿನ ಊರಿಗೆ ಹೋಗತೈತಿ."

ಅಪ್ಪ ಶೆಡ್ಡಿಗೆ ಹೋಗಿ ಸುಣ್ಣ ಕೇಳಿದ. ಬಸವಪ್ರಸಾದ ನಕ್ಕನಂತೆ. "ಸುಣ್ಣ ಹಾಕಿದ್ರ ದೂರದಿಂದ ಬೆಳ್ಳಗ ಕಾಣತೈತಿ, ಮುತ್ತಪ್ಪಾ. ಏನದು ಅಂತ ಮಂದಿ ಕೇಳತಾರ." ಅಪ್ಪ ಶ್ರೀಧರನ ಅಂಗಡಿಗೆ ಹೋದ. ಸುಣ್ಣದ ಚೀಲಗಳು ಬಾಗಿಲಲ್ಲೇ ಇದ್ದವು. "ಗೌಡ್ರನ್ನ ಒಂದ ಮಾತ ಕೇಳಿ ಕೊಡತೀನಿ, ತಡಿ," ಎಂದನಂತೆ ಶ್ರೀಧರ. ಅಂದಿನಿಂದ ತಡೆದೇ ಇದ್ದೇವೆ.

ನಾವೇ ಮಣ್ಣು ಹಾಕಿದೆವು. ಗರಸು ಕಲ್ಲಿನ ಹಾಗಿರುತ್ತದೆ. ಗುದ್ದಲಿ ಹಾರುತ್ತದೆ. ಅಪ್ಪ ಕಡಿದ, ನಾನು ಬುಟ್ಟಿ ತುಂಬಿದೆ, ಅವ್ವ ಹೊತ್ತು ಸುರುವಿದಳು. ಅಂಗೈ ಗುಳ್ಳೆ ಎದ್ದು ಒಡೆದು ಹಿಡಿಕೆಗೆ ಅಂಟಿತು. ಬೆಳಗಾದರೆ ನಾಯಿಗಳು ಕೆದರಿರುತ್ತಿದ್ದವು. ಬೆಳಗಾದರೆ ಶೆಡ್ಡಿನಲ್ಲಿ ಮತ್ತೊಂದು ಚೀಲ ತುಂಬಿರುತ್ತಿತ್ತು.

ಊರಿನ ಹಿತ್ತಲುಗಳಲ್ಲಿ ಕೋಳಿ ಬೀಳತೊಡಗಿದವು. ಬೆಳಗಿನ ಜಾವ ಹುಂಜ ಕೂಗುವುದು ಒಂದೊಂದೇ ಮನೆಯಲ್ಲಿ ನಿಂತಿತು. ಕೊನೆಗೆ ಊರಿನಲ್ಲಿ ಕೂಗುವ ಹುಂಜ ಒಂದೇ ಉಳಿಯಿತು. ಅದು ನಮ್ಮದು. ಅದು ಕೂಗಿದಾಗೆಲ್ಲ ಅವ್ವ ಎದ್ದು ಕೂರುತ್ತಿದ್ದಳು. "ಸುಮ್ನಿರೋ ಮಾರಾಯಾ, ಸುಮ್ನಿರು," ಎಂದು ಗೂಡಿನ ಮೇಲೆ ಗೋಣಿ ಹೊದಿಸುತ್ತಿದ್ದಳು. ಅದು ಗೋಣಿಯ ಕೆಳಗೂ ಕೂಗುತ್ತಿತ್ತು. ಊರೆಲ್ಲ ಅದನ್ನು ಕೇಳುತ್ತಾ ಮಲಗಿರುತ್ತಿತ್ತು.

ಬಸವಪ್ರಸಾದ ನಮ್ಮ ಮನೆಗೆ ಬಂದದ್ದು ಆ ವಾರ.

"ಮುತ್ತಪ್ಪಾ, ಕಾವಿಗೆ ಕುಂತೈತಲ್ಲ, ಆ ಕೋಳಿ ಬೇಕು. ಮೊಟ್ಟಿ ಸಮೇತ. ಆ ಹುಂಜಾನೂ ಬೇಕು."

"ಈಗ ಎಬ್ಬಿಸಿದ್ರ ಮೊಟ್ಟಿ ಕೆಡತಾವರಿ, ಸಣ್ಣಗೌಡ್ರ."

"ನನ್ನ ಕಡೆ ಮಷಿನ್ ಐತಿ. ಶೆಡ್ಡಿನ್ಯಾಗ ಬೀಜಕ್ಕಂತ ಚಲೋದು ಒಂದೂ ಉಳಿದಿಲ್ಲ. ತಳಿ ನೋಡಾಕ ಧಾರವಾಡದಿಂದ ಮಂದಿ ಬರೋರದಾರ. ಏನ್ ತೋರಸಲಿ ಅವರಿಗೆ? ನಿಮ್ಮ ಓಣಿ ತಗ್ಗ ತೋರಸಲೇನು?"

ಅಪ್ಪ ನೆಲ ನೋಡಿದ. ಅಪ್ಪನ ತಲೆ ಬಾಗಿದರೆ ಮಾತು ಮುಗಿಯಿತು ಎಂದು ಅರ್ಥ.

"ಬನಶ್ರೀ, ಬುಟ್ಟಿ ತಗೊಂಡು ಬಾರವ್ವಾ," ಎಂದ.

ನಾನು ಒಳಗೆ ಬೂದಿಯ ಹತ್ತಿರ ಕೂತಿದ್ದೆ. ಏಳಲಿಲ್ಲ. ಬುಟ್ಟಿಯ ಸುತ್ತ ಎರಡೂ ಕೈ ಹಾಕಿದೆ. ಬೂದಿಯ ಬಿಸಿ ನನ್ನ ಎದೆಗೆ ತಗುಲಿತು. ಒಳಗಿನ ಮೊಟ್ಟೆಗಳಿಗೆ ದಿನ ತುಂಬುತ್ತಾ ಬಂದಿತ್ತು.

ಬಸವಪ್ರಸಾದ ಬಾಗಿ ಬಾಗಿಲೊಳಗೆ ತಲೆ ಹಾಕಿದ. ಅವರ ಮನೆಯ ತಲೆ ನಮ್ಮ ಬಾಗಿಲೊಳಗೆ ಬಂದದ್ದು ಅದೇ ಮೊದಲು.

"ಏ ಹುಡುಗಿ. ಎದ್ದೇಳು."

"ಕೊಡೂದಿಲ್ಲ," ಎಂದೆ.

ಅವನಿಗೆ ಕೇಳಿಸಲಿಲ್ಲ. ನನ್ನ ದನಿ ಅಷ್ಟು ಸಣ್ಣಗಿತ್ತು. ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದೇ ಕಷ್ಟ.

"ಕೊಡೂದಿಲ್ಲರಿ."

"ಮಾತ ಬರತೈತೇನ ಇದಕ್ಕ? ಬಾಯಿಲ್ಲಂತ ಕೆಲಸಕ್ಕ ಇಟ್ಟೀನಿ ನಿನ್ನ!"

ಸಿಟ್ಟಿನಿಂದ ನೆಟ್ಟಗಾದ. ನಮ್ಮ ಬಾಗಿಲು ಗಿಡ್ಡ. ಚೌಕಟ್ಟಿಗೆ ತಲೆ ಬಡಿಯಿತು. ಜೋರಾಗಿ ಬಡಿಯಿತು. ಅವ್ವ ನಕ್ಕುಬಿಟ್ಟಳು. ನಗಬಾರದಿತ್ತು. ಸೆರಗು ಬಾಯಿಗೆ ತುರುಕಿಕೊಂಡರೂ ನಗೆ ಹೊರಗೆ ಬಂತು. ಗೂಡಿನಲ್ಲಿ ಹುಂಜ ಕೂಗಿತು.

ಬಸವಪ್ರಸಾದ ಹಣೆ ಒತ್ತಿಕೊಂಡು ಅಂಗಳದಲ್ಲಿ ನಿಂತ. ಅವ್ವನನ್ನು ನೋಡಿದ. ಗೂಡನ್ನು ನೋಡಿದ.

"ನಗ್ರಿ," ಎಂದ. ದನಿ ಮೆತ್ತಗಾಗಿತ್ತು. "ಊರಾಗ ಎಲ್ಲಾರ ಕೋಳಿ ಸತ್ತಾವ. ನಿಮ್ಮೂ ಒಂದೂ ಸತ್ತಿಲ್ಲ. ಯಾಕ ಸತ್ತಿಲ್ಲ ಅಂತ ಊರಿಗೆ ಕೇಳೋಣು."

ಮರುದಿನವೇ ಕರೆ ಬಂತು. ಊರ ಮುಂದಿನ ಕಟ್ಟೆಯ ಮೇಲೆ ಅಂದಾನೆಪ್ಪಗೌಡರು ಕೂತಿದ್ದರು. ಪಕ್ಕದಲ್ಲಿ ಬಸವಪ್ರಸಾದ, ಶ್ರೀಧರ, ಇನ್ನೂ ಕೆಲವರು. ಉಳಿದವರು ಸುತ್ತ ನಿಂತಿದ್ದರು. ಅಪ್ಪ, ಅವ್ವ, ನಾನು ಕಟ್ಟೆಯಿಂದ ದೂರ, ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಂತೆವು.

ಊರು ಕತೆಯನ್ನು ನೆನೆದಿತ್ತು.

"ಮುದುಕವ್ವ ಗಡಿಯಿಂದ ಉಡ್ಯಾಗ ಕಟಗೊಂಡು ಬಂದ ಬ್ಯಾನಿ ಇದು," ಎಂದರು ಗೌಡರು. "ಇಷ್ಟ ದಿವಸ ನಿಮ್ಮ ಮನ್ಯಾಗ ಮಲಗಿತ್ತು. ಈಗ ಎದ್ದೈತಿ. ಅದಕ್ಕ ನಿಮ್ಮ ಕೋಳಿ ಸಾಯವಲ್ವು. ತನ್ನವರನ್ನ ತಾ ತಿನ್ನೂದಿಲ್ಲ ಅದು."

"ಹೌದ್ರಿ ಯಪ್ಪಾ," ಎಂದಳು ಒಬ್ಬ ಮುದುಕಿ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಮೊಟ್ಟೆ ಮಾರಿ ಉಪ್ಪು ಎಣ್ಣೆ ತರುತ್ತಿದ್ದಳು. ಅವಳ ಕೋಳಿಗಳು ಒಂದೇ ಬೆಳಗಿನಲ್ಲಿ ಹೋಗಿದ್ದವು. ಅವಳು ಖರೇ ಅಳುತ್ತಿದ್ದಳು. ಅಳುತ್ತಾ ನಮ್ಮ ಕಡೆ ಕೈ ತೋರಿಸುತ್ತಿದ್ದಳು. ನನಗೆ ಗೌಡರಿಗಿಂತ ಆ ಕೈಯ ಹೆದರಿಕೆಯೇ ಹೆಚ್ಚಾಯಿತು.

"ಸಂಜಿಗೆ ದುರಗವ್ವನ್ನ ಕಳಸಬೇಕು," ಎಂದರು ಗೌಡರು. "ನಿಮ್ಮ ಕೋಳಿ ಎಷ್ಟದಾವ ಅಷ್ಟೂ ಬುಟ್ಟ್ಯಾಗ ಹೋಗಬೇಕು. ಕಾವಿಗೆ ಕುಂತದ್ದೂ ಹೋಗಬೇಕು. ನಿಮ್ಮ ಹುಡುಗಿ ಹೊರಲಿ. ಮುತ್ತಪ್ಪ ಹಲಗಿ ಬಡೀಲಿ."

ಅಪ್ಪನ ತಲೆ ಬಾಗಿತ್ತು. ನಾನು ಕಾದೆ. ಅವನು ಹೌದ್ರಿ ಎನ್ನುವ ಮೊದಲು ನಾನು ಮುಂದೆ ಹೋದೆ. ಹೇಗೆ ಹೋದೆನೋ ತಿಳಿಯದು. ಓಡಣಿಯ ತುದಿಯ ಗಂಟು ಬಿಚ್ಚಿದೆ. ಅದರಲ್ಲಿ ನೀಲಿ ರಿಂಗುಗಳಿದ್ದವು. ಸತ್ತ ಕೋಳಿಗಳಿಂದ ಕತ್ತರಿಸಿದ್ದರಲ್ಲಿ ದಿನಾ ಕೆಲವನ್ನು ನಾನು ಡಬ್ಬಿಗೆ ಹಾಕಿರಲಿಲ್ಲ. ಕಟ್ಟೆಯ ಮೇಲೆ ಇಡಲು ಹೋದೆ.

"ಕಟ್ಟಿ ಮುಟ್ಟಬ್ಯಾಡ!" ಎಂದು ಯಾರೋ ಕಿರುಚಿದರು.

ನೆಲದ ಮೇಲೆ ಸುರುವಿದೆ. ರಿಂಗುಗಳು ಉರುಳಿ ಎಲ್ಲರ ಕಾಲ ಹತ್ತಿರ ಹೋದವು.

"ಇವು ಶೆಡ್ಡಿನ ಕೋಳೀವು," ಎಂದೆ. "ಊರಾಗಿನ್ನೂ ಒಂದೂ ಸತ್ತಿರಲಿಲ್ಲ, ಆಗ ಇವು ಸತ್ತಾವ. ನಾನ ಆರಿಸೀನಿ. ನಾನ ತಗ್ಗಿಗೆ ಒಗದೀನಿ. ಸಣ್ಣಗೌಡ್ರು ಒಗಿ ಅಂದಾರ. ತಗ್ಗ ನೋಡಬರ್ರಿ. ನಾಯಿ ಊರ ತುಂಬ ಎಳದಾಡಾಕತ್ತಾವ."

"ಕಳ್ಳಿ," ಎಂದ ಬಸವಪ್ರಸಾದ. "ಶೆಡ್ಡಿನ್ಯಾಗಿನ ಸಾಮಾನ ಕದ್ದಾಳ ನೋಡ್ರಿ."

ಅಂದಾನೆಪ್ಪಗೌಡರು ಮಗನನ್ನು ನೋಡಿದರು. ಒಂದೇ ಸಲ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು. ಟ್ರ್ಯಾಕ್ಟರಿನ ಹತ್ತಿರ ನಿಂತು ಚೀಲಗಳು ಹೋಗುವುದನ್ನು ಅವರೇ ನೋಡಿದ್ದರು. ಶ್ರೀಧರನ ಚಪ್ಪಲಿಯ ಹತ್ತಿರ ಒಂದು ರಿಂಗು ನಿಂತಿತ್ತು. ಅವನು ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಯಾರೂ ಬಗ್ಗಿ ಎತ್ತಲಿಲ್ಲ. ಮುದುಕಿ ಅಳುವುದನ್ನು ನಿಲ್ಲಿಸಿ ನೆಲ ನೋಡುತ್ತಿದ್ದಳು.

ಗೌಡರು ಧೋತರ ಸರಿಮಾಡಿಕೊಂಡರು.

"ಅದೆಲ್ಲಾ ನನಗ ಬ್ಯಾಡ. ಹೊರತೀಯೋ ಇಲ್ಲೋ?"

"ಹೊರೂದಿಲ್ಲರಿ."

"ಏನಂದಿ?"

"ಹೊರೂದಿಲ್ಲರಿ. ಬ್ಯಾನಿ ಶೆಡ್ಡಿನ್ಯಾಗ ಐತಿ. ಬುಟ್ಟಿ ಶೆಡ್ಡಿಂದ ಎತ್ತರಿ. ಶೆಡ್ಡಿನವರ ಹೊರಲಿ."

ಗದ್ದಲ ಎದ್ದಿತು. ಯಾರೋ ಸೂಳೆಮಗಳೇ ಎಂದರು. ಯಾರೋ ಕಲ್ಲು ಎತ್ತಿಕೊಂಡರು. ಅವ್ವ ನನ್ನ ಮುಂದೆ ಬಂದು ನಿಂತಳು. ಸೀರೆಯನ್ನು ಹಿಮ್ಮಡಿಯ ಮೇಲಕ್ಕೆ ಎತ್ತಿ ಕಾಲು ತೋರಿಸಿದಳು. ದನಗಳಿಗೆ ಕಾಲುಬಾಯಿ ಬ್ಯಾನಿ ಬಂದ ವರ್ಷ ಬುಟ್ಟಿ ಹೊತ್ತವಳು ಅವಳು. ಮಡಕೆಯ ಚೂರು ಹೊಕ್ಕ ಜಾಗ ಇನ್ನೂ ಕುಳಿಯಾಗಿದೆ. ಅವ್ವ ಆ ಕಾಲನ್ನು ಎಳೆದು ನಡೆಯುತ್ತಾಳೆ.

"ಇದನ್ನ ಯಾರ ಒಗದ್ರಿ?" ಎಂದಳು. "ಇಲ್ಲೇ ಅದೀರಿ ನೀವು. ನಾ ತಿರುಗಿ ನೋಡಲಿಲ್ಲ, ನೋಡಬಾರದಂತ ಹೇಳಿದ್ರಿ. ಇವತ್ತ ನೋಡಾಕತ್ತೀನಿ. ನನ್ನ ಮಗಳ ಕಾಲ ಕೊಡೂದಿಲ್ಲ."

ಅಪ್ಪ ನಮ್ಮಿಬ್ಬರ ಕೈ ಹಿಡಿದು ಗದ್ದಲದಿಂದ ಎಳೆದು ತಂದ. ಮನೆಗೆ ಬಂದವನು ಗೂಟಕ್ಕೆ ತೂಗುಹಾಕಿದ್ದ ಹಲಗೆ ತೆಗೆದ. ಬಡಿಯಲು ಹೊರಟ ಎಂದುಕೊಂಡೆ. ಅಪ್ಪ ಅದರ ಮೇಲೆ ಒಂದು ಕೊಡ ನೀರು ಸುರುವಿದ. ಚರ್ಮ ನೆನೆದು ಜೋಲು ಬಿತ್ತು. ಹಲಗೆಯನ್ನು ಬಾಗಿಲಲ್ಲಿ ಬೋರಲು ಹಾಕಿ ಅದರ ಮೇಲೆ ಕೂತ.

ಮಧ್ಯಾಹ್ನದಿಂದ ಓಣಿಗೆ ಯಾರೂ ಬರಲಿಲ್ಲ. ನಳದಲ್ಲಿ ನೀರು ಬರಲಿಲ್ಲ. ನೆರೆಮನೆಯವರು ಬಾಗಿಲು ಎಳೆದುಕೊಂಡರು. ಒಳಗಿನಿಂದ ಮಕ್ಕಳನ್ನು ಗದರುವ ದನಿ ಮಾತ್ರ ಕೇಳುತ್ತಿತ್ತು. ಬೂದಿಯ ಹೊಟ್ಟೆಯ ಕೆಳಗಿಂದ ಸಣ್ಣ ಸದ್ದು ಬಂತು. ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದೆ. ಒಳಗಿನಿಂದ ಮರಿ ಕುಟುಕುತ್ತಿತ್ತು.

ಹೊತ್ತು ಇಳಿಯುವಾಗ ಊರಿನಿಂದ ಸದ್ದು ಕೇಳಿತು. ಹಲಗೆಯ ಸದ್ದಲ್ಲ. ಹಲಗೆ ಅಪ್ಪನ ಕೆಳಗಿತ್ತು. ಅವರು ಸ್ಟೀಲಿನ ತಾಟು ಬಡಿಯುತ್ತಾ ಬರುತ್ತಿದ್ದರು. ಉಣ್ಣುವ ತಾಟು. ಅದಕ್ಕೆ ತಾಳವಿರಲಿಲ್ಲ.

ದುರಗವ್ವ ಮೊದಲ ಸಲ ಟ್ರ್ಯಾಕ್ಟರಿನಲ್ಲಿ ಬಂದಳು. ಹೊರುವವರು ಸಿಕ್ಕಿರಲಿಲ್ಲ. ಹಿಂದೆ ಊರಿನವರು. ಕೈಯಲ್ಲಿ ಮುರಿದ ಕಸಬರಿಗೆ, ಮೊರ. ಟ್ರ್ಯಾಕ್ಟರು ಸವಡಿ ಹಾದಿಗೆ ತಿರುಗಬೇಕಿತ್ತು. ತಿರುಗಲಿಲ್ಲ. ಗಡಿಕಲ್ಲಿನ ಕಡೆ ಹೋಗಲಿಲ್ಲ. ನಮ್ಮ ಓಣಿಯೊಳಗೆ ಬಂದು ನಮ್ಮ ಬೇವಿನ ಮರದ ಮುಂದೆ ನಿಂತಿತು.

ಉದ್ದದ ಗಳಕ್ಕೆ ಬುಟ್ಟಿ ಸಿಕ್ಕಿಸಿ ದೂರದಿಂದಲೇ ಇಳಿಸಿದರು. ಬಸವಪ್ರಸಾದ ಹಣೆಗೆ ಪಟ್ಟಿ ಹಾಕಿಕೊಂಡು ಡ್ರೈವರಿನ ಪಕ್ಕ ಕೂತಿದ್ದ. ಆಮೇಲೆ ಕಸಬರಿಗೆಗಳು ಬಿದ್ದವು. ಮೊರಗಳು ಬಿದ್ದವು. ಒಂದು ಮಡಕೆಯ ಚೂರು ಅಪ್ಪನ ಭುಜಕ್ಕೆ ತಗುಲಿತು. ಅಪ್ಪ ಹಲಗೆಯ ಮೇಲಿಂದ ಏಳಲಿಲ್ಲ.

ನಾನು ಬುಟ್ಟಿಯ ಹತ್ತಿರ ಹೋದೆ. ಮುಟ್ಟಲಿಲ್ಲ, ನೋಡಿದೆ. ಹಿಟ್ಟಿನ ದುರಗವ್ವ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದಳು. ಅವಳ ಪಕ್ಕದಲ್ಲಿ ಬೂದು ಕೋಳಿ ಬಿದ್ದಿತ್ತು. ನಡುಬೆರಳನ್ನು ಆಗಷ್ಟೇ ಕತ್ತರಿಸಿದ್ದರು. ಬೇವಿನ ಎಲೆಯ ಮೇಲೆ ರಕ್ತ ಹನಿಯುತ್ತಿತ್ತು. ಕಾಲಿನ ಸುತ್ತ ತೆಳ್ಳಗೆ ಬಿಳಿ ಗುರುತಿತ್ತು. ರಿಂಗು ಇದ್ದ ಜಾಗ. ಕೋಳಿ ಬಾಯಿ ತೆರೆದು ಉಸಿರು ಎಳೆಯುತ್ತಿತ್ತು. ಅದರ ಕುತ್ತಿಗೆ ತಿರುಚಿಕೊಂಡಿತ್ತು. ಶೆಡ್ಡಿನ ಬ್ಯಾನಿಯನ್ನು ನಮ್ಮ ಬಾಗಿಲಿಗೆ ತಂದು ಇಟ್ಟಿದ್ದರು. ಒಳಗೆ ಬೂದಿಯ ಕೆಳಗೆ ಮೊಟ್ಟೆ ಒಡೆಯುತ್ತಿತ್ತು.

ನಾನು ತಲೆ ಎತ್ತಿದೆ. ಟ್ರ್ಯಾಕ್ಟರು ಹಿಂದಕ್ಕೆ ಸರಿದು ಓಣಿಯ ಬಾಯಿ ದಾಟಿತ್ತು. ಜನ ಅದರ ಹಿಂದೆ ಆಚೆ ಹೋಗಿ ನಿಂತಿದ್ದರು. ಶ್ರೀಧರ ಬಗ್ಗಿ ಚೀಲದಿಂದ ಏನನ್ನೋ ಸುರುವುತ್ತಾ ಬರುತ್ತಿದ್ದ. ಓಣಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಬೆಳ್ಳಗೆ ಒಂದು ಗೆರೆ ಬಿತ್ತು. ಅಂದಾನೆಪ್ಪಗೌಡರು ಗೆರೆಯ ಆಚೆ ನಿಂತು ಅದು ನೆಟ್ಟಗಿದೆಯೇ ಎಂದು ನೋಡಿದರು.

ನಾವು ಗಡಿಗೆ ಹೋಗಲಿಲ್ಲ. ಗಡಿಯನ್ನೇ ನಮ್ಮಲ್ಲಿಗೆ ತಂದಿದ್ದರು. ಇಡೀ ಓಣಿ ಅದರ ಈಚೆಗೆ ಉಳಿಯಿತು. ನೆರೆಮನೆಯ ಬಾಗಿಲ ಸಂದಿಯಲ್ಲಿ ಕಣ್ಣುಗಳು ಕಂಡವು. ಅವು ಗೆರೆಯನ್ನು ನೋಡಿ ಆಮೇಲೆ ನಮ್ಮನ್ನು ನೋಡಿದವು.

ಆ ಗೆರೆ ಸುಣ್ಣದ್ದು. ಚೀಲದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಶ್ರೀಧರ ಬಾಯಿ ಸುತ್ತಿ ಅದನ್ನು ಹೆಗಲಿಗೆ ಏರಿಸಿಕೊಂಡ.

ಜನ ಊರ ಕಡೆ ತಿರುಗಿದರು. ತಾಟು ನಿಂತಿತು. ಎಲ್ಲರ ಬೆನ್ನು ನನಗೆ ಕಂಡಿತು, ಕಟ್ಟೆಯ ಮುಂದೆ ಅತ್ತ ಆ ಮುದುಕಿಯದೂ. ತಗ್ಗಿನ ಕಡೆಯಿಂದ ಎರಡು ನಾಯಿ ಬಂದವು. ಒಂದರ ಬಾಯಲ್ಲಿ ರೆಕ್ಕೆ ಇತ್ತು. ಅವು ಗೆರೆ ದಾಟಿ ಜನರ ಹಿಂದೆಯೇ ಊರೊಳಗೆ ಹೋದವು.

ನಾನು ಗೆರೆಯವರೆಗೆ ಓಡಿದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ.

"ಶ್ರೀಧರಣ್ಣಾ!"

ಅವನ ಹೆಜ್ಜೆ ತಡೆಯಿತು. ಪಕ್ಕದವನು ಅವನ ತೋಳು ಹಿಡಿದ. ಅವನು ಮತ್ತೆ ನಡೆದ.

"ಗೌಡ್ರ! ಯಜ್ಜೀ! ಉಳಿದ ಸುಣ್ಣ ಇಟ್ಟ ಹೋಗ್ರಿ. ತಗ್ಗಿಗೆ ಹಾಕಿ ಮುಚ್ಚತೀನಿ."

ಯಾರೂ ಓ ಅನ್ನಲಿಲ್ಲ.